ಕುದುರೆಮುಖಕ್ಕೆ ಒಂದು ಹಗಲು: ಮರಳುವ ಹೊತ್ತಿನಿಂದ ಹಿಂದಕ್ಕೆ ಹಾಕಿದ ಲೆಕ್ಕ

ಕುದುರೆಮುಖ ಶಿಖರ ಸಮುದ್ರಮಟ್ಟದಿಂದ ಸುಮಾರು 1890 ಮೀಟರ್ ಎತ್ತರದಲ್ಲಿದೆ. ಕಳಸದ ಕಡೆಯ ಮುಳ್ಳೋಡಿಯಿಂದ ಹೊರಟು ಶಿಖರ ಮುಟ್ಟಿ ಅಲ್ಲಿಗೇ ಮರಳಲು ಇಪ್ಪತ್ತು ಕಿಲೋಮೀಟರಿನಷ್ಟು ನಡೆಯಬೇಕು. ಹಗ್ಗ ಹಿಡಿದು ಬಂಡೆ ಹತ್ತುವ ಪ್ರಮೇಯ ಎಲ್ಲಿಯೂ ಬಾರದ್ದರಿಂದ ಇದನ್ನು ಮಧ್ಯಮ ದರ್ಜೆಯ ಚಾರಣವೆಂದು ಹೇಳುವುದುಂಟು. ಆದರೆ ರಾಷ್ಟ್ರೀಯ ಉದ್ಯಾನದೊಳಗಿನ ಈ ದಾರಿಯಲ್ಲಾಗಲಿ ತುದಿಯಲ್ಲಾಗಲಿ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿಯಿಲ್ಲ. ಹತ್ತುವುದೂ ಇಳಿಯುವುದೂ ಒಂದೇ ಹಗಲಿನಲ್ಲಿ ಮುಗಿಯಬೇಕು. ನಮ್ಮ ಕಚೇರಿಯ ಗೆಳೆಯರನ್ನು ಅಲ್ಲಿಗೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂದಾಗ, ಮರಳಿ ಮುಳ್ಳೋಡಿ ಸೇರಬೇಕಾದ ಗಂಟೆಯನ್ನು ಮೊದಲು ಗೊತ್ತುಮಾಡಿ, ಉಳಿದೆಲ್ಲವನ್ನೂ ಅದರಿಂದ ಹಿಂದಕ್ಕೆ ಎಣಿಸುತ್ತ ಬಂದೆ.

ಗಂಟೆ ಗೊತ್ತಾಗಬೇಕಾದರೆ ಋತು ಗೊತ್ತಾಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸುರಿಯುವ ಮಳೆಯಲ್ಲಿ ಹಳ್ಳಗಳು ಉಕ್ಕುತ್ತವೆ, ಏಣಿನ, ಎಂದರೆ ಬೆಟ್ಟದ ಬೆನ್ನುಸಾಲಿನ, ಮೇಲೆ ಮಂಜು ಕವಿದು ಮುಂದಿನವನ ಬೆನ್ನು ಕಾಣುವುದಿಲ್ಲ, ಉಂಬಳಗಳ ಕಾಟ ಬೇರೆ. ಆ ಹಸಿರನ್ನು ಮೆಚ್ಚುವವರು ಬಹಳ ಮಂದಿ ಇದ್ದಾರೆ. ಹೊಸಬರನ್ನು ಕರೆದೊಯ್ಯುವವನಿಗೆ ಅದು ತಕ್ಕ ಕಾಲವಲ್ಲವೆಂಬುದು ನನ್ನ ಅಭಿಪ್ರಾಯ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಬರುವ ಸಂಭವವಿದ್ದು, ಮರವಿಲ್ಲದ ಬೋಳು ಏಣಿನ ಮೇಲೆ ಸಿಡಿಲಿಗೆ ಎಲ್ಲಕ್ಕಿಂತ ಎತ್ತರದ ವಸ್ತು ನಾವೇ ಆಗಿರುತ್ತೇವೆ. ಬೇಸಿಗೆ ಬಂತೆಂದರೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯದಿಂದ ದಾರಿಯನ್ನೇ ಮುಚ್ಚುವುದುಂಟು. ಹೀಗಾಗಿ ನವೆಂಬರಿನ ಕೊನೆಯ ವಾರವನ್ನು ಆರಿಸಿಕೊಂಡೆ. ಹಳ್ಳಗಳಲ್ಲಿ ನೀರು ಇನ್ನೂ ಹರಿಯುತ್ತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಆದರೆ ಹಗಲು ಚಿಕ್ಕದು, ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಮರಗಳ ನಡುವೆ ಕತ್ತಲೆ ಅದಕ್ಕೂ ಮೊದಲೇ ಇಳಿಯುತ್ತದೆ. ಯಾರದಾದರೂ ಕಾಲು ಉಳುಕಿದರೆ ಒಂದು ತಾಸಿನ ಅವಕಾಶ ಉಳಿದಿರಲೆಂದು ಐದು ಗಂಟೆಯನ್ನು ಕೊನೆಯ ಗಡುವಾಗಿ ಇಟ್ಟುಕೊಂಡೆ.

ನಡಿಗೆಯ ಸಮಯವನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಈಗ ಬಳಕೆಯಲ್ಲಿರುವ ರೂಪದಲ್ಲಿ ಅದು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಎಣಿಸುತ್ತದೆ. ಹತ್ತು ಕಿಲೋಮೀಟರಿನ ದಾರಿಗೆ ಎರಡು ಗಂಟೆ, ಸುಮಾರು 900 ಮೀಟರ್ ಏರಿಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ ಗಂಟೆ. ಆದರೆ ಇದು ಪಳಗಿದ ಕಾಲುಗಳ ಲೆಕ್ಕ. ನಮ್ಮ ತಂಡದಲ್ಲಿ ಐವತ್ತು ದಾಟಿದವರೂ ವಾರವಿಡೀ ಕುರ್ಚಿ ಬಿಟ್ಟೇಳದವರೂ ಇದ್ದುದರಿಂದ ಮೂರನೇ ಒಂದು ಭಾಗವನ್ನು ಕೂಡಿಸಿ, ವಿಶ್ರಾಂತಿಗೆ ಮುಕ್ಕಾಲು ಗಂಟೆ ಇಟ್ಟು, ಹತ್ತಲು ಸುಮಾರು ಐದೂವರೆ ಗಂಟೆ ಬೇಕೆಂದು ಬರೆದುಕೊಂಡೆ. ಇಳಿಯುವುದು ಬೇಗ ಮುಗಿಯುತ್ತದೆಂದು ಜನ ಭಾವಿಸುತ್ತಾರೆ. ದಣಿದ ಮಂಡಿಗಳು ಸಡಿಲ ಕಲ್ಲಿನ ಇಳಿಜಾರಿನಲ್ಲಿ ಅಷ್ಟು ಬೇಗ ಸಾಗುವುದಿಲ್ಲವಾದ್ದರಿಂದ ಇಳಿಯುವುದಕ್ಕೆ ನಿಲುಗಡೆಗಳೂ ಸೇರಿ ನಾಲ್ಕು ಗಂಟೆ ಇಟ್ಟೆ. ಅಲ್ಲಿಗೆ ಉತ್ತರ ತಾನಾಗಿಯೇ ಸಿಕ್ಕಿತು: ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ಹಿಂತಿರುಗಬೇಕು, ತುದಿಯಲ್ಲಿ ಅರ್ಧ ಗಂಟೆಯಾದರೂ ಕೂರಬೇಕೆಂದರೆ ಬೆಳಗ್ಗೆ ಏಳರೊಳಗೆ ಹೆಜ್ಜೆ ಹಾಕಿರಬೇಕು.

ಏಳರೊಳಗೆ ಎಂಬ ಈ ಒಂದು ಸಂಗತಿ ಎಲ್ಲಿ ತಂಗಬೇಕೆಂಬುದನ್ನೂ ನಿರ್ಧರಿಸಿತು. ಕಳಸದಲ್ಲಿ ಉಳಿದುಕೊಂಡರೆ ಊಟ ವಸತಿಗೆ ಅನುಕೂಲ ಹೆಚ್ಚು. ಆದರೆ ಅಲ್ಲಿಂದ ಬಾಳೆಗಲ್‌ವರೆಗೆ ಬಂದು, ಮುಂದಿನ ಕಚ್ಚಾ ರಸ್ತೆಯನ್ನು ಜೀಪಿನಲ್ಲಿ ಕುಲುಕುತ್ತ ಏರುವಷ್ಟರಲ್ಲಿ ಬೆಳಗಿನ ತಂಪು ಹೊತ್ತು ಕಳೆದುಹೋಗುತ್ತದೆ. ಹಿಂದಿನ ಸಂಜೆಯೇ ಜೀಪು ಮಾಡಿಕೊಂಡು ಮುಳ್ಳೋಡಿಯ ಒಂದು ಮನೆಯಲ್ಲಿ ಉಳಿದೆವು. ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿರುವುದರಿಂದ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆದಿದ್ದೆವು. ಶನಿವಾರ ಭಾನುವಾರಗಳು ಬೇಗ ತುಂಬುತ್ತವೆ. ವಾರದ ನಡುವೆ ರಜೆ ಹಾಕಲು ಒಪ್ಪಿಸುವುದು ಇಡೀ ಯೋಜನೆಯಲ್ಲಿ ಕಷ್ಟದ ಕೆಲಸವಾಗಿತ್ತು, ಆದರೆ ಅದರಿಂದ ಕಿರಿದಾದ ಕಾಲುದಾರಿಯಲ್ಲಿ ಇನ್ನೊಂದು ತಂಡದ ಹಿಂದೆ ಸಾಲುಗಟ್ಟುವುದು ತಪ್ಪಿತು. ಗೈಡ್ ಒಬ್ಬರ ಬದಲು ಇಬ್ಬರನ್ನು ಗೊತ್ತುಮಾಡಿದ್ದಕ್ಕೆ ಕೆಲವರು ದುಂದುವೆಚ್ಚವೆಂದರು. ಒಬ್ಬರೇ ಇದ್ದರೆ ನಡುದಾರಿಯಲ್ಲಿ ಒಬ್ಬರಿಗೆ ಸಾಕಾದಾಗ ಎಲ್ಲರೂ ಹಿಂತಿರುಗಬೇಕಾಗುತ್ತದೆ, ಇಲ್ಲವೆ ದಣಿದವರನ್ನು ಕಾಡಿನಲ್ಲಿ ಕೂರಿಸಿ ಹೋಗಬೇಕಾಗುತ್ತದೆ. ಎರಡನೆಯದಕ್ಕೆ ನಾನು ಒಪ್ಪುವವನಲ್ಲ.

ತಲಾ ಎರಡು ಲೀಟರ್ ನೀರು ಹೊತ್ತೆವು. ದಾರಿಯಲ್ಲಿ ಹಳ್ಳಗಳಿದ್ದರೂ ಮೇಲ್ಭಾಗದ ಏಣಿನ ಮೇಲೆ ಬಹು ದೂರ ನೀರಿಲ್ಲ, ನೆರಳಂತೂ ಇಲ್ಲವೇ ಇಲ್ಲ. ಬರಿಯ ನೀರನ್ನೇ ಕುಡಿಯುತ್ತ ಬೆವರಿದರೆ ಕಾಲು ಹಿಡಿದುಕೊಳ್ಳುವವರಿಗಾಗಿ, ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಬಾಟಲಿಯೊಂದನ್ನು ಬೇರೆಯಾಗಿ ಇಟ್ಟುಕೊಂಡೆವು, ಚಮಚಗಳು ಮಟ್ಟಸವಾಗಿರಬೇಕು. ಪ್ರವೇಶದಲ್ಲಿ ಚೀಲ ತೆಗೆಸಿ ಪ್ಲಾಸ್ಟಿಕ್ಕನ್ನು ತಡೆಯುತ್ತಾರಾದ್ದರಿಂದ ಬಾಟಲಿ, ಬುತ್ತಿ ಎಲ್ಲವೂ ಸ್ಟೀಲಿನವು. ತೆಂಗಿನಕಾಯಿ ಹಾಕಿದ ತಿಂಡಿ ಬಿಸಿಲಿಗೆ ಹಳಸುತ್ತದೆಂದು ಚಪಾತಿ, ಚಟ್ನಿಪುಡಿ, ಶೇಂಗಾ, ಬೆಲ್ಲ, ಕಿತ್ತಳೆಗಳಿಗೆ ಮುಗಿಸಿದೆವು. ಹೊಸ ಬೂಟು ಕೊಂಡಿದ್ದವರಿಗೆ ಅದನ್ನು ಎರಡು ಮೂರು ವಾರ ಮೊದಲಿನಿಂದಲೇ ಹಾಕಿಕೊಂಡು ಓಡಾಡಲು ಹೇಳಿದ್ದೆ. ಎಲ್ಲರೂ ವಾರಕ್ಕೆ ಮೂರು ಸಲ ಚೀಲ ಹೊತ್ತು ಕಚೇರಿಯ ಮೆಟ್ಟಿಲುಗಳನ್ನು ಹತ್ತಿ ಇಳಿದದ್ದನ್ನು ನೋಡಿ ಕಾವಲುಗಾರರು ಏನೆಂದುಕೊಂಡರೋ ತಿಳಿಯದು.

ಬೆಳಗ್ಗೆ ತಪಾಸಣೆ ಮುಗಿಸಿ ಏಳಕ್ಕೆ ಹದಿನೈದು ನಿಮಿಷವಿರುವಾಗ ಹೊರಟೆವು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮೊದಲನೆಯ ಗೈಡ್‌ನ ಹಿಂದೆಯೇ ನಿಲ್ಲಿಸಿದ್ದೆ. ವೇಗದವರು ಮುಂದಿದ್ದರೆ ಅವರು ಕಾದು ಕುಳಿತು ದಣಿವಾರಿಸಿಕೊಳ್ಳುತ್ತಾರೆ, ಹಿಂದಿನವರು ತಲುಪಿದ ಕೂಡಲೇ ಎದ್ದು ಹೊರಡುತ್ತಾರೆ, ವಿಶ್ರಾಂತಿ ಬೇಕಾದವರಿಗೆ ಮಾತ್ರ ಅದು ಸಿಗುವುದೇ ಇಲ್ಲ. ಮೊದಲ ಹಳ್ಳಗಳನ್ನು ದಾಟಿ ಒಂಟಿಮರದ ಬಳಿ ಬರುವಷ್ಟರಲ್ಲಿ ಲೆಕ್ಕಕ್ಕಿಂತ ಹತ್ತು ನಿಮಿಷ ಮುಂದಿದ್ದೆವು. ಅಲ್ಲಿಂದ ಮೇಲೆ ಹುಲ್ಲಿನ ಬೆಟ್ಟಗಳು, ಅವುಗಳ ಮಡಿಲಿನಲ್ಲಿ ನೀರು ಹಿಡಿದಿಟ್ಟುಕೊಂಡ ಶೋಲಾ ಕಾಡುಗಳು. ಗಾಳಿ ಜೋರಾಗಿತ್ತು, ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಾಪ ಇಳಿಯುತ್ತದೆಂಬುದನ್ನು ನಂಬದೆ ಜರ್ಕಿನ್ ಬಿಟ್ಟು ಬಂದಿದ್ದವರೊಬ್ಬರು ನನ್ನ ಚೀಲದಲ್ಲಿದ್ದ ಹೆಚ್ಚಿನದನ್ನು ಹಾಕಿಕೊಂಡರು.

ಹನ್ನೊಂದೂವರೆಯ ಹೊತ್ತಿಗೆ ಹಿರಿಯರೊಬ್ಬರು ಮಂಡಿ ಹಿಡಿದುಕೊಂಡು ನಿಂತರು. “ಇನ್ನು ಸ್ವಲ್ಪವೇ ಇದೆಯಲ್ಲ ಸರ್, ನಿಧಾನವಾಗಿ ಬನ್ನಿ” ಎಂದು ಕಿರಿಯರು ಒತ್ತಾಯಿಸತೊಡಗಿದಾಗ ನಾನು ತಡೆದೆ. ಹತ್ತುವುದಕ್ಕೆ ಹುರುಪು ತುಂಬಬಹುದು, ಇಳಿಯುವ ಹತ್ತು ಕಿಲೋಮೀಟರನ್ನು ಅವರ ಮಂಡಿಯೇ ಇಳಿಯಬೇಕು. ಎರಡನೆಯ ಗೈಡ್ ಅವರೊಂದಿಗೆ ಹಿಂತಿರುಗಿದರು, ಜೊತೆಗೆ ಇನ್ನೊಬ್ಬರು ತಾವಾಗಿಯೇ ಹೊರಟರು. ಉಳಿದವರು ಕೊನೆಯ ಕಾಡಿನ ತುಂಡನ್ನು ದಾಟಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ತುದಿ ತಲುಪಿದೆವು. ಪಶ್ಚಿಮದಲ್ಲಿ ಘಟ್ಟ ಕಡಿದು ಬಿದ್ದಂತೆ ಕರಾವಳಿಯತ್ತ ಇಳಿಯುತ್ತದೆ. ಮಂಜು ಸರಿದಾಗಲೊಮ್ಮೆ ಕೆಳಗಿನ ಹಸಿರು ಕಂಡು ಮರೆಯಾಗುತ್ತಿತ್ತು. ಒಂದಕ್ಕೆ ಐದು ನಿಮಿಷವಿರುವಾಗ ಎದ್ದೆವು, ಇನ್ನಷ್ಟು ಫೋಟೋ ಬೇಕೆಂದವರ ಮಾತಿಗೆ ಕಿವಿಗೊಡಲಿಲ್ಲ.

ಇಳಿಯುವಾಗ ಕೋಲುಗಳು ನಿಜವಾದ ಉಪಯೋಗಕ್ಕೆ ಬಂದವು. ಬೂಟಿನ ದಾರವನ್ನು ಕಣಕಾಲಿನ ಬಳಿ ಬಿಗಿದು ಕಟ್ಟಿಕೊಂಡರೆ ಬೆರಳುಗಳು ಮುಂದಕ್ಕೆ ಒತ್ತುವುದಿಲ್ಲವೆಂದು ಎಲ್ಲರ ದಾರವನ್ನೂ ಮತ್ತೊಮ್ಮೆ ಕಟ್ಟಿಸಿದೆ. ಹಳ್ಳವೊಂದರ ಬಳಿ ಕಾಲಿಳಿಸಿ ಕುಳಿತು ಉಳಿದ ಕಿತ್ತಳೆ ತಿಂದೆವು, ಸಿಪ್ಪೆಯನ್ನು ಚೀಲಕ್ಕೆ ಹಾಕಿಕೊಂಡೆವು. ಐದಕ್ಕೆ ಹತ್ತು ನಿಮಿಷವಿರುವಾಗ ಮುಳ್ಳೋಡಿ ಸೇರಿದೆವು. ಐದೂವರೆಯಾದರೂ ಬಾರದಿದ್ದರೆ ಅರಣ್ಯ ಸಿಬ್ಬಂದಿಗೆ ತಿಳಿಸುವಂತೆ, ನಮ್ಮ ಹೆಸರು, ಹಿಡಿದ ದಾರಿ, ಗೈಡ್‌ಗಳ ವಿವರಗಳನ್ನು ಬರೆದು ಮನೆಯೊಡತಿಯ ಕೈಗೆ ಕೊಟ್ಟಿದ್ದೆ. ಅವರು ಹಾಳೆಯನ್ನು ಹಿಂದಿರುಗಿಸುತ್ತ, ಮೊದಲೇ ಇಳಿದ ಇಬ್ಬರೂ ಊಟ ಮುಗಿಸಿ ಮಲಗಿರುವುದಾಗಿ ತಿಳಿಸಿದರು.