ಹಾರರ್ ಟ್ರೇಲರ್ ಮರುಸೃಷ್ಟಿ: ಭಯ ಹುಟ್ಟುವುದು ಕಿವಿಯಲ್ಲಿ

ಗುಂಪು ಪ್ರಾಜೆಕ್ಟ್‌ಗೆ ಹಾರರ್ ಟ್ರೇಲರ್ ಮರುಸೃಷ್ಟಿಸಲು ಹೊರಟವರು ಮೊದಲು ಹುಡುಕುವುದು ಕ್ಯಾಮೆರಾ. ನಿಜಕ್ಕೂ ಮೊದಲು ಬೇಕಾದ್ದು ಒಂದು ನೋಟ್‌ಬುಕ್. 90 ಸೆಕೆಂಡಿನೊಳಗಿನ ಟ್ರೇಲರ್ ಆರಿಸಿಕೊಳ್ಳಿ. ಒಮ್ಮೆ ಧ್ವನಿ ನಿಲ್ಲಿಸಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಆಮೇಲೆ ಒಂದೊಂದು ಶಾಟ್‌ಗೆ ಒಂದೊಂದು ಸಾಲು ಬರೆಯಿರಿ: ಎಷ್ಟು ಸೆಕೆಂಡ್, ಬೆಳಕು ಯಾವ ಕಡೆಯಿಂದ, ಸದ್ದು ಏನು. ಶಾಟ್‌ಗಳ ಅವಧಿಯನ್ನು ಬದಲಿಸಬೇಡಿ. ಜಾಗ, ವೇಷ, ವಸ್ತು ಬೇಕಾದರೆ ಬದಲಾಗಲಿ.

ಜಾಗಕ್ಕೆ ಮಲೆನಾಡಿನಲ್ಲಿ ಬರವಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯ ಹಳೆಯ ತೊಟ್ಟಿಮನೆ ಒಂದು ಸಿಕ್ಕರೆ ಸಾಕು. ಬಂಗಲೆಯ ಕಾರಿಡಾರ್‌ಗೆ ಜಗಲಿ, ನೆಲಮಾಳಿಗೆಗೆ ಅಟ್ಟ. ಆಗುಂಬೆ ಘಾಟಿಯ ರಸ್ತೆಯಲ್ಲಿ ಮಾತ್ರ ಚಿತ್ರೀಕರಣ ಬೇಡ. ಮಂಜಿನಲ್ಲಿ ತಿರುವು ಹೊರಳುವ ಬಸ್ಸಿಗೆ ನೀವು ಕಾಣುವುದಿಲ್ಲ. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ದೀಪವನ್ನೆಲ್ಲ ಆರಿಸಿ ಶೂಟ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಕತ್ತಲಾದಷ್ಟೂ ಮೊಬೈಲ್ ತಾನಾಗಿ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿಸಿಕೊಳ್ಳುತ್ತದೆ, ಕಪ್ಪಿನ ಬದಲು ಬೂದು ಕಾಳುಗಳು ತುಂಬುತ್ತವೆ. ಒಂದೇ ಟಾರ್ಚನ್ನು ಬಿಳಿ ಥರ್ಮಾಕೋಲ್ ಹಾಳೆಗೆ ಹೊಡೆದು, ಚದುರಿದ ಬೆಳಕು ಮುಖದ ಒಂದು ಬದಿಗೆ ಮಾತ್ರ ಬೀಳಲಿ. ಇನ್ನಷ್ಟು ಕತ್ತಲು ಬೇಕಿದ್ದರೆ ಎಡಿಟಿಂಗ್‌ನಲ್ಲಿ ಇಳಿಸಬಹುದು. ಫ್ರೇಮ್ ದರ ಸೆಕೆಂಡಿಗೆ 25, ಶಟರ್ (ಒಂದು ಫ್ರೇಮ್ ಬೆಳಕು ಹಿಡಿಯುವ ಹೊತ್ತು) 1/50 ಸೆಕೆಂಡ್, ಐಎಸ್‌ಒ 800ರೊಳಗೆ, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ತಾನಾಗಿ ಬದಲಾಗದಂತೆ ಲಾಕ್. ನಮ್ಮ ಕರೆಂಟ್ 50 ಹರ್ಟ್ಸ್. ಶಟರ್ 1/60 ಇಟ್ಟರೆ ಕೆಲವು ಎಲ್‌ಇಡಿ ಬಲ್ಬುಗಳ ಕೆಳಗೆ ಪಟ್ಟೆಗಳು ಓಡಾಡುತ್ತವೆ. ಹೊರಗಿನ ‘ರಾತ್ರಿ’ಗೆ ಸೂರ್ಯ ಮುಳುಗಿದ ನಂತರದ 20 ನಿಮಿಷವೇ ಒಳ್ಳೆಯದು, ಹಾಗಾಗಿ ರಿಹರ್ಸಲ್ ಮೊದಲೇ ಮುಗಿದಿರಲಿ. ಮಳೆಯ ಥಂಡಿಯಿಂದ ಒಲೆ ಉರಿಯುವ ಅಡುಗೆಮನೆಗೆ ಬಂದರೆ ಲೆನ್ಸ್ ಮಂಜಾಗುತ್ತದೆ. ಫೋನನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೇ 15 ನಿಮಿಷ ಬಿಟ್ಟು ಆಮೇಲೆ ತೆಗೆಯಿರಿ.

ಭಯದ ಮುಕ್ಕಾಲು ಪಾಲು ಇರುವುದು ಸದ್ದಿನಲ್ಲಿ. ಹಂಚಿನ ಮೇಲೆ ಮಳೆ ಬೀಳುವಾಗ ಮಾತು ಕೇಳಿಸದು; ಸಂಭಾಷಣೆಯನ್ನು ಕಂಬಳಿ ಹೊದ್ದು ಬೇರೆಯಾಗಿ ರೆಕಾರ್ಡ್ ಮಾಡಿ. ಪ್ರತಿ ಜಾಗದಲ್ಲೂ ಯಾರೂ ಅಲುಗಾಡದೆ 30 ಸೆಕೆಂಡ್ ಬರೀ ಮೌನ ಹಿಡಿದಿಡಿ, ಕಟ್‌ಗಳ ನಡುವಿನ ತೂತು ಮುಚ್ಚುವುದು ಅದೇ. ಒಣಗಿದ ಅಡಿಕೆ ಸೋಗೆಯ ದಂಟು ಮುರಿದರೆ ಮೂಳೆ ಮುರಿದಂತೆ ಕೇಳುತ್ತದೆ, ಹಲಸಿನ ಹಣ್ಣು ಬಿಡಿಸಿದರೆ ಮಾಂಸ ಹರಿದಂತೆ. ಬಾವಿಯ ರಾಟೆಯ ಕಿರುಗುಟ್ಟುವಿಕೆಯನ್ನು ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶದಲ್ಲಿ ಅರ್ಧ ವೇಗಕ್ಕಿಳಿಸಿ: ಉದ್ದ ಎರಡರಷ್ಟು, ಸ್ವರ ಒಂದು ಸಪ್ತಕ ಕೆಳಗೆ. ಹಿನ್ನೆಲೆಯ ಗುಂಯ್‌ಗುಟ್ಟುವಿಕೆಗೆ ಮೂಲ ಟ್ರೇಲರ್‌ನ ಸಂಗೀತ ಎತ್ತಬೇಕಿಲ್ಲ, ಇಷ್ಟು ಸಾಕು.

ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ. ಮೊದಲು ಧ್ವನಿ ಜೋಡಿಸಿ, ಅದರ ಮೇಲೆ ಚಿತ್ರ ಕೂರಿಸಿ. ಬೆಚ್ಚಿಬೀಳಿಸುವ ಕ್ಷಣಕ್ಕೆ ಮುಂಚೆ 12ರಿಂದ 20 ಫ್ರೇಮ್ ಪೂರ್ತಿ ನಿಶ್ಶಬ್ದ ಇರಲಿ. ಕಿವಿ ಸದ್ದನ್ನು ಕಾಯುತ್ತಾ ಚೂಪಾಗುತ್ತದೆ, ಸಾಧಾರಣ ‘ಧಡ್’ ಕೂಡ ಆಗ ದೊಡ್ಡದು. ಮೌನವಿಲ್ಲದೆ ವಾಲ್ಯೂಮ್ ಮಾತ್ರ ಏರಿಸಿದರೆ ಸ್ಪೀಕರ್ ಒಡೆದ ಸದ್ದು ಬರುತ್ತದೆ, ಅಷ್ಟೇ.

ತೋರಿಸುವ ಹಿಂದಿನ ದಿನವೇ ತರಗತಿಯ ಪ್ರೊಜೆಕ್ಟರ್‌ನಲ್ಲಿ ಓಡಿಸಿ ನೋಡಿ. ಕಿಟಕಿಯ ಬೆಳಕಿಗೆ ಕಪ್ಪೆಲ್ಲ ಬಿಳುಚಿಕೊಂಡರೆ ಪರದೆ ಹಾಕಿಸಿ. ಸಾಲದಿದ್ದರೆ ಮುಖಗಳನ್ನಷ್ಟೇ ಸ್ವಲ್ಪ ಬೆಳಗಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.