ಮಗ ನೇವಿಗೆ, ಮಗಳು ನೇವಿಗೆ: ಮನೆಯವರು ಮಾಡಬೇಕಾದ್ದೇನು?

ಪಿಯುಸಿ ಓದುತ್ತಿರುವ ಮಗನೋ ಮಗಳೋ ‘ನಾನು ನೇವಿಗೆ ಸೇರ್ತೀನಿ’ ಅಂದ ಕೂಡಲೇ ಮನೆಯಲ್ಲಿ ಗದ್ದಲ ಶುರುವಾಗುತ್ತದೆ. ಅಜ್ಜಿಗೆ ಸಮುದ್ರದ ಭಯ. ಅಪ್ಪನಿಗೆ ಬಿಳಿ ಯೂನಿಫಾರ್ಮಿನ ಫೋಟೊ ಈಗಲೇ ಗೋಡೆಯ ಮೇಲೆ ಕಾಣುತ್ತದೆ. ಎರಡರಿಂದಲೂ ಮಗುವಿಗೆ ಉಪಯೋಗವಿಲ್ಲ. ಓಡುವುದು, ಓದುವುದು, ಅಲ್ಲಿ ಹೋಗಿ ತಡೆದುಕೊಳ್ಳುವುದು ಎಲ್ಲ ಅವರದೇ ಕೆಲಸ. ಆದರೆ ಮನೆಯವರಿಂದ ಮಾತ್ರ ಆಗುವ ಕೆಲವು ಕೆಲಸಗಳಿವೆ. ಹೆಚ್ಚಿನವು ಸಣ್ಣವು. ಅವುಗಳಲ್ಲಿ ಎಡವಿದರೆ ಬೀಳುವ ಪೆಟ್ಟು ಮಾತ್ರ ಸಣ್ಣದಲ್ಲ.

1. ಯಾವ ದಾರಿ ಅಂತ ಮೊದಲು ತಿಳಿದುಕೊಳ್ಳಿ

ನಮ್ಮಲ್ಲಿ ‘ಶಿಪ್ಪಿನ ಕೆಲಸ’ ಅಂದರೆ ಮರ್ಚೆಂಟ್ ನೇವಿಯೂ ಒಂದೇ, ನೌಕಾಪಡೆಯೂ ಒಂದೇ. ಮರ್ಚೆಂಟ್ ನೇವಿ ಸರಕು ಹಡಗಿನ ನೌಕರಿ. ಅದರ ಕೋರ್ಸಿಗೆ ಶುಲ್ಕ ಕಟ್ಟಬೇಕು. ಈ ಲೇಖನ ಭಾರತೀಯ ನೌಕಾಪಡೆಯ ಬಗ್ಗೆ. ಇಲ್ಲಿ ಆಯ್ಕೆಯಾದವರ ತರಬೇತಿಯ ಖರ್ಚು ಸರ್ಕಾರದ್ದು. ‘ಸೀಟು ಮಾಡಿಸಿ ಕೊಡ್ತೀನಿ, ಇಷ್ಟು ಲಕ್ಷ ಕೊಡಿ’ ಅನ್ನುವ ಏಜೆಂಟ್ ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ಪಿಯುಸಿ ನಂತರ ಮುಖ್ಯವಾಗಿ ಮೂರು ಬಾಗಿಲುಗಳಿವೆ. ಮೊದಲನೆಯದು ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಯುಪಿಎಸ್‌ಸಿ ವರ್ಷಕ್ಕೆ 2 ಬಾರಿ ಪರೀಕ್ಷೆ ನಡೆಸುತ್ತದೆ. ಪಾಸಾಗಿ, ಸಂದರ್ಶನವನ್ನೂ ದಾಟಿದವರು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 3 ವರ್ಷ ಇದ್ದು, ಆಮೇಲೆ ಕೇರಳದ ಏಳಿಮಲದಲ್ಲಿರುವ ನೌಕಾ ಅಕಾಡೆಮಿಗೆ ಹೋಗುತ್ತಾರೆ. 2022ರಿಂದ ಎನ್‌ಡಿಎಗೆ ಹುಡುಗಿಯರೂ ಸೇರುತ್ತಿದ್ದಾರೆ. ಎರಡನೆಯದು ಜೆಇಇ ಮೇನ್ ರ‍್ಯಾಂಕ್ ಮೇಲೆ ನೇರವಾಗಿ ಏಳಿಮಲಕ್ಕೇ ಹೋಗುವ 4 ವರ್ಷದ ಬಿಟೆಕ್ ದಾರಿ. ಇದಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ ಶೇ 70 ಅಂಕ ಬೇಕು. ಈ ಎರಡೂ ಅಧಿಕಾರಿಗಳಾಗುವ ದಾರಿ.

ಮೂರನೆಯದು ಅಗ್ನಿವೀರ್. ಇದು ನಾವಿಕರ ಕೆಲಸ, 4 ವರ್ಷದ ಅವಧಿ. ಎಸ್ಸೆಸ್ಸೆಲ್ಸಿ ಆದವರಿಗೆ ಎಂಆರ್ (ಮೆಟ್ರಿಕ್ ರಿಕ್ರೂಟ್), ಮ್ಯಾಥ್ಸ್ ಮತ್ತು ಫಿಸಿಕ್ಸ್ ಇಟ್ಟುಕೊಂಡು ಪಿಯುಸಿ ಮಾಡಿದವರಿಗೆ ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್). ತರಬೇತಿ ಒಡಿಶಾದ ಚಿಲ್ಕಾ ಸರೋವರದ ದಂಡೆಯಲ್ಲಿರುವ ಐಎನ್‌ಎಸ್ ಚಿಲ್ಕಾದಲ್ಲಿ. ಹೆಸರಿನಲ್ಲಿ ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಇದ್ದರೂ ಅದು ಹಡಗಲ್ಲ, ನೆಲದ ಮೇಲಿನ ಕೇಂದ್ರ. ನೆಂಟರಿಗೆ ‘ಮಗ ಶಿಪ್ಪಲ್ಲಿದ್ದಾನೆ’ ಅಂತ ಹೇಳುವ ಮುಂಚೆ ಗೊತ್ತಿರಲಿ!

ಆರನೇ ಅಥವಾ ಒಂಬತ್ತನೇ ತರಗತಿಗೆ ಸೇರುವ ವಯಸ್ಸಿನ ಮಕ್ಕಳಾದರೆ ವಿಜಯಪುರ ಮತ್ತು ಕೊಡಗಿನ ಕೂಡಿಗೆಯ ಸೈನಿಕ ಶಾಲೆಗಳನ್ನು ವಿಚಾರಿಸಬಹುದು. ಮಂಗಳೂರು, ಉಡುಪಿ ಕಡೆಯವರಿಗೆ ಎನ್‌ಸಿಸಿಯ ನೇವಲ್ ವಿಂಗ್ ಇದೆ. ದೋಣಿ ಎಳೆದು, ಪರೇಡ್ ಮಾಡಿ, ಈ ಬದುಕು ತನಗೆ ಒಗ್ಗುತ್ತದಾ ಅಂತ ಮಗುವೇ ನೋಡಿಕೊಳ್ಳಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

2. ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ಕಣ್ಣು ತೋರಿಸಿ

ಇದನ್ನು ಹತ್ತನೇ ತರಗತಿಯಲ್ಲೇ ಮಾಡಿಸಿ. ಕಣ್ಣಿನ ಡಾಕ್ಟರ ಹತ್ತಿರ ದೃಷ್ಟಿಯ ಜೊತೆಗೆ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಚುಕ್ಕಿಗಳ ಮಧ್ಯೆ ಅಂಕಿ ಓದಿಸುವ ಪುಸ್ತಕ ಅವರಲ್ಲಿರುತ್ತದೆ, ಐದು ನಿಮಿಷದ ಕೆಲಸ. ಕೆಂಪು, ಹಸಿರು ಬೇರೆ ಮಾಡಲಾಗದ ತೊಂದರೆ ಹೆಚ್ಚಾಗಿ ಹುಡುಗರಲ್ಲಿರುತ್ತದೆ. ಹುಟ್ಟಿನಿಂದ ಬಂದಿದ್ದಾದರೆ ಔಷಧಿ ಇಲ್ಲ. ದಿನನಿತ್ಯದ ಬದುಕಿಗೆ ಅಡ್ಡಿ ಬರದ ಕಾರಣ ಮನೆಯಲ್ಲಿ ಯಾರಿಗೂ ಗೊತ್ತೇ ಇರುವುದಿಲ್ಲ. ರಾತ್ರಿ ಎದುರಿನ ಹಡಗು ಯಾವ ಕಡೆ ತಿರುಗಿದೆ ಎಂದು ತಿಳಿಯುವುದು ಅದರ ಕೆಂಪು, ಹಸಿರು ದೀಪದಿಂದ. ಹಾಗಾಗಿ ನೌಕಾಪಡೆ ಇದರಲ್ಲಿ ಬಿಗಿ. ಎರಡು ವರ್ಷ ಕೋಚಿಂಗ್ ಆದಮೇಲೆ ಮೆಡಿಕಲ್‌ನಲ್ಲಿ ಇದು ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಜೊತೆಗೆ ಹಲ್ಲು, ಕಿವಿ, ಪಾದ ಚಪ್ಪಟೆ ಇದೆಯಾ ಎಂಬುದನ್ನೂ ನೋಡಿಸಿ. ಟ್ಯಾಟೂ ಬೇಡವೇ ಬೇಡ. ಜಾತ್ರೆಯಲ್ಲಿ ಗೆಳೆಯರ ಜೊತೆ ಹೋಗಿ ಕುತ್ತಿಗೆ ಮೇಲೆ ಹೆಸರು ಹಾಕಿಸಿಕೊಂಡು ಬಂದರೆ ಕಷ್ಟ.

ಓಟದ ಬಗ್ಗೆ ಒಂದು ಮಾತು. ಅಗ್ನಿವೀರ್ ಆಯ್ಕೆಯಲ್ಲಿ ಹುಡುಗರು 1.6 ಕಿಲೋಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಹುಡುಗಿಯರು 8 ನಿಮಿಷದಲ್ಲಿ ಓಡಬೇಕು. ಬಸ್ಕಿ, ಪುಷ್ ಅಪ್ ಕೂಡ ಇರುತ್ತವೆ. ಅಧಿಸೂಚನೆ ಬಂದಮೇಲೆ ಒಂದೇ ತಿಂಗಳಲ್ಲಿ ಇದನ್ನು ಸಾಧಿಸಲು ಹೊರಟು, ಟಾರು ರಸ್ತೆಯಲ್ಲಿ ಸವೆದ ಶೂ ಹಾಕಿಕೊಂಡು ಓಡಿ ಮೊಣಕಾಲಿನ ಕೆಳಗಿನ ಎಲುಬು ನೋಯಿಸಿಕೊಳ್ಳುವವರು ಜಾಸ್ತಿ. ಮಣ್ಣಿನ ಮೈದಾನ, ಒಂದು ಒಳ್ಳೆಯ ಶೂ, ಆರು ತಿಂಗಳ ಸಮಯ. ಹಣ ಖರ್ಚು ಮಾಡಲೇಬೇಕು ಅನಿಸಿದರೆ ಪ್ರೋಟೀನ್ ಡಬ್ಬಿಗಿಂತ ಶೂಗೆ ಮಾಡಿ. ಊಟಕ್ಕೆ ಮುದ್ದೆ, ಮೊಟ್ಟೆ, ಕಾಳು, ಮೀನು ಸಾಕು. ಈಜು ಬರದಿದ್ದರೆ ಅಲ್ಲಿ ಕಲಿಸುತ್ತಾರೆ, ಕಲಿಯಲೇಬೇಕು. ನೀರಿನ ಭಯವನ್ನಾದರೂ ಊರಿನಲ್ಲೇ ಬಿಡಿಸಿ ಕಳಿಸಿದರೆ ಮಗುವಿಗೆ ಅರ್ಧ ಸಂಕಟ ಕಡಿಮೆ.

3. ಇನಿಶಿಯಲ್ ಎಂಬ ತಲೆನೋವು

ಕರ್ನಾಟಕದ ಮಕ್ಕಳಿಗೆ ವಿಶೇಷವಾಗಿ ಕಾಡುವ ವಿಷಯ ಇದು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಜಾತಿ ಪ್ರಮಾಣಪತ್ರದಲ್ಲಿ ಮನೆತನದ ಹೆಸರು. ನಮಗೆ ಮೂರೂ ಒಂದೇ ಮಂಜುನಾಥ. ಸಾವಿರ ಮೈಲಿ ಆಚೆ ಕೂತು ಪರಿಶೀಲಿಸುವ ಗುಮಾಸ್ತನಿಗೆ ಅವರು ಮೂವರು ಬೇರೆ ಬೇರೆ ಮಂಜುನಾಥರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆ ಉಳಿದ ಎಲ್ಲವನ್ನೂ ಸರಿಪಡಿಸಿ. ತಂದೆ ತಾಯಿಯ ಹೆಸರಿನ ಅಕ್ಷರಗಳನ್ನೂ ಹೋಲಿಸಿ ನೋಡಿ. ಆಧಾರ್ ಸರಿಪಡಿಸುವುದು, ನಾಡಕಚೇರಿಯಲ್ಲಿ ವಾಸಸ್ಥಳ ಮತ್ತು ಜಾತಿ ಪತ್ರ ಮಾಡಿಸುವುದು, ಬ್ಯಾಂಕ್ ಖಾತೆ, ಪ್ಯಾನ್ – ಈ ಓಡಾಟಕ್ಕೆ ಮಗುವನ್ನೂ ಕರೆದುಕೊಂಡು ಹೋಗಿ. ಎರಡನೇ ಸಲ ಒಬ್ಬರನ್ನೇ ಕಳಿಸಿ. ಏಕೆ ಎಂದು ಮುಂದೆ ಹೇಳುತ್ತೇನೆ.

ಇನ್ನೊಂದು ಕಾಗದ ಇದೆ. ಅದಕ್ಕೆ ಸಹಿ ನಿಮ್ಮದು. ಎನ್‌ಡಿಎಗೆ ಸೇರುವಾಗ ಪಾಲಕರು ಬಾಂಡ್ ಬರೆದುಕೊಡಬೇಕು. ಕೆಡೆಟ್ ತನ್ನದೇ ಕಾರಣಕ್ಕೆ ತರಬೇತಿ ಅರ್ಧಕ್ಕೆ ಬಿಟ್ಟು ಬಂದರೆ ಅದರ ಖರ್ಚನ್ನು ಮರಳಿ ಕೊಡಬೇಕು ಎಂದು ಅದರಲ್ಲಿರುತ್ತದೆ. ಸಂಭ್ರಮದಲ್ಲಿ ಓದದೆ ಸಹಿ ಹಾಕಬೇಡಿ. ಮಗು ತಾನಾಗಿ ಹೊರಟಿದೆಯೋ ನಿಮಗಾಗಿ ಹೊರಟಿದೆಯೋ ಎಂದು ಕೇಳಿಕೊಳ್ಳಲು ಅದು ಕೊನೆಯ ಅವಕಾಶ.

4. ಎಸ್‌ಎಸ್‌ಬಿಗೆ ಮುನ್ನ ಒಂದು ಸಂಜೆ

ಅಧಿಕಾರಿಯಾಗುವ ದಾರಿಯಲ್ಲಿ ದೊಡ್ಡ ಬಾಗಿಲು ಎಸ್‌ಎಸ್‌ಬಿ (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನ. ಐದು ದಿನ ನಡೆಯುತ್ತದೆ. ನೌಕಾಪಡೆಗೆ ಬೆಂಗಳೂರು, ಭೋಪಾಲ್, ಕೊಯಮತ್ತೂರು, ವಿಶಾಖಪಟ್ಟಣ, ಕೋಲ್ಕತ್ತದಲ್ಲಿ ಮಂಡಳಿಗಳಿವೆ. ಬಹಳಷ್ಟು ಮಕ್ಕಳು ಮೊದಲ ದಿನವೇ ‘ಸ್ಕ್ರೀನ್ ಔಟ್’ ಆಗಿ ಸಂಜೆ ರೈಲು ಹತ್ತುತ್ತಾರೆ. ಎನ್‌ಡಿಎ ಲಿಖಿತ ಪರೀಕ್ಷೆಗೆ 900 ಅಂಕವಿದ್ದರೆ ಇದಕ್ಕೂ 900.

ಇಲ್ಲಿ ಮನೆಯವರ ಪಾತ್ರ ಏನು ಅಂತೀರಾ? ಮನಶ್ಶಾಸ್ತ್ರದ ಪರೀಕ್ಷೆಯಲ್ಲಿ ಮಗು ತನ್ನ ಬಗ್ಗೆ ತಾನೇ ಬರೆಯಬೇಕು. ಅದರಲ್ಲಿ ಒಂದು ಪ್ರಶ್ನೆ: ನಿಮ್ಮ ತಂದೆ ತಾಯಿ ನಿಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೆ? ನಮ್ಮ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿರುವುದಿಲ್ಲ. ಬೈಯುವಾಗ ಹೇಳಿದ್ದಷ್ಟೇ ಮಕ್ಕಳಿಗೆ ಗೊತ್ತು. ಉಳಿದವರು ಕೋಚಿಂಗ್ ನೋಟ್ಸಿನಿಂದ ‘ನಾನು ಶಿಸ್ತಿನ ಹುಡುಗ ಎಂದು ನನ್ನ ಪಾಲಕರು ನಂಬಿದ್ದಾರೆ’ ಎಂದು ಬರೆಯುತ್ತಾರೆ. ಅಂಥ ಉತ್ತರಗಳನ್ನು ಓದಿ ಓದಿ ಪಳಗಿದವರಿಗೆ ಬಾಯಿಪಾಠ ಗೊತ್ತಾಗದೆ ಇರುತ್ತದಾ?

ಆದ್ದರಿಂದ ಒಂದು ಸಂಜೆ ಟಿವಿ ಆರಿಸಿ ಕೂತುಕೊಳ್ಳಿ. ನಿನ್ನಲ್ಲಿ ಇದು ಇಷ್ಟ, ಇದು ಚಿಂತೆ, ಇಂಥ ದಿನ ನೀನು ಹೀಗೆ ನಡೆದುಕೊಂಡಿದ್ದು ನೆನಪಿದೆ ಎಂದು ನಿಜವಾದ ಉದಾಹರಣೆ ಕೊಟ್ಟು ಹೇಳಿ. ಹೊಗಳಿಕೆಯೂ ಬೇಡ, ಉಪದೇಶವೂ ಬೇಡ. ಅಪ್ಪನ ಕೆಲಸ ನಿಖರವಾಗಿ ಏನು, ಮನೆಯ ಆದಾಯ ಎಷ್ಟು, ಸಾಲ ಇದೆಯಾ ಎಂಬುದೂ ಮಗುವಿಗೆ ತಿಳಿದಿರಲಿ. ತುಂಬಿಸಬೇಕಾದ ಅರ್ಜಿಯಲ್ಲಿ ಪಾಲಕರ ಉದ್ಯೋಗ, ಆದಾಯದ ಕಾಲಂ ಇದೆ. ಸಂದರ್ಶಕರು ಅದನ್ನು ಮುಂದಿಟ್ಟುಕೊಂಡೇ ಮಾತಾಡುತ್ತಾರೆ. ‘ಮನೆಯಲ್ಲಿ ನೀನು ಏನು ಕೆಲಸ ಮಾಡ್ತೀಯ’ ಎಂಬ ಪ್ರಶ್ನೆಯೂ ಬರುತ್ತದೆ. ನಾಡಕಚೇರಿಗೆ ಒಬ್ಬರನ್ನೇ ಕಳಿಸಿ ಅಂದದ್ದು ಇದಕ್ಕೇ. ಎಲ್ಲ ಅಪ್ಪನೇ ಮಾಡಿಕೊಟ್ಟ ಮಗುವಿನ ಬಳಿ ಹೇಳಲು ಏನೂ ಇರುವುದಿಲ್ಲ.

ಮರಳಿ ಬಂದರೆ? ಬಾಗಿಲಲ್ಲಿ ‘ಏನಾಯ್ತು’ ಅನ್ನಬೇಡಿ. ಆಗಿದ್ದು ಮುಖದಲ್ಲೇ ಕಾಣುತ್ತದೆ. ಮೂರನೆಯ, ನಾಲ್ಕನೆಯ ಸಲ ಆಯ್ಕೆಯಾದವರು ಪಡೆಯಲ್ಲಿ ಬೇಕಾದಷ್ಟಿದ್ದಾರೆ. ಆದರೂ ಕಾಲೇಜು ಬಿಡಿಸಿ ಬರೀ ಇದಕ್ಕೇ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಡಿಗ್ರಿ ನಡೆಯುತ್ತಿರಲಿ. ಪದವಿ ಮುಗಿಸಿದವರಿಗೂ ನೌಕಾಪಡೆಯ ಬಾಗಿಲುಗಳಿವೆ.

5. ಮೊದಲ ವಾರಗಳ ಫೋನ್

ಮನೆಯವರಿಗೆ ಅತಿ ಕಷ್ಟದ ಹಂತ ಇದೇ. ತರಬೇತಿಯಲ್ಲಿ ಫೋನ್ ಅವರು ಹೇಳಿದ ಹೊತ್ತಿಗೆ, ಅವರು ಹೇಳಿದಷ್ಟೇ. ಕರೆ ಬಂದಾಗ ಆ ಕಡೆಯ ದನಿ ಒಡೆದಿರುತ್ತದೆ. ‘ಅಮ್ಮ, ಇಲ್ಲಿ ಆಗಲ್ಲ, ಬಂದ್ಬಿಡ್ತೀನಿ’ ಎಂಬ ಮಾತು ಬರಬಹುದು. ಬೆಳಗಿನ ಜಾವದ ಪಿಟಿ, ಬಿಸಿಲಿನಲ್ಲಿ ಪರೇಡ್, ಒಬ್ಬ ತಪ್ಪು ಮಾಡಿದರೆ ಎಲ್ಲರಿಗೂ ‘ರಗ್ಡಾ’, ಅಂದರೆ ಮೈ ದಣಿಸುವ ಶಿಕ್ಷೆ. ಮಧ್ಯಾಹ್ನ ಕ್ಲಾಸಿನಲ್ಲಿ ಕಣ್ಣು ಎಳೆಯುವ ನಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸುತ್ತ ಎಲ್ಲ ಹಿಂದಿ.

ಆಗ ಎರಡು ಮಾತು ಹೇಳಬೇಡಿ. ‘ಹೂಂ ಬಂದ್ಬಿಡು’ ಒಂದು. ‘ಊರವರಿಗೆ ಏನಂತ ಹೇಳೋದು’ ಇನ್ನೊಂದು. ಮೊದಲನೆಯದು ಅವತ್ತಿನ ದಣಿವನ್ನೇ ತೀರ್ಮಾನವನ್ನಾಗಿ ಮಾಡುತ್ತದೆ. ಎರಡನೆಯದರಿಂದ ಮಗು ಮುಂದಿನ ಸಲ ನಿಜ ಹೇಳುವುದನ್ನೇ ಬಿಡುತ್ತದೆ. ಪೂರ್ತಿ ಕೇಳಿ. ಊಟ ಏನಿತ್ತು, ಪಕ್ಕದ ಮಂಚದವನು ಯಾವ ಊರಿನವನು ಎಂದು ವಿಚಾರಿಸಿ. ‘ಮುಂದಿನ ಭಾನುವಾರ ಮತ್ತೆ ಮಾತಾಡೋಣ’ ಅನ್ನಿ. ಭಾನುವಾರದ ಹೊತ್ತಿಗೆ ಹೆಚ್ಚಿನವರು ಬೇರೆ ಸುದ್ದಿ ಹೇಳುತ್ತಾರೆ. ಫೋನ್ ಸಿಕ್ಕಿದ ಆ ಸ್ವಲ್ಪ ಹೊತ್ತಿನಲ್ಲಿ ದೊಡ್ಡಪ್ಪ, ಚಿಕ್ಕಮ್ಮ, ಟ್ಯೂಷನ್ ಮೇಷ್ಟ್ರು ಎಲ್ಲರ ಕೈಗೂ ರಿಸೀವರ್ ಕೊಡಬೇಡಿ. ಮನೆಯ ಜಗಳ, ಬೋರ್‌ವೆಲ್ ಬತ್ತಿದ್ದು, ಜಮೀನಿನ ಕೇಸು ಈಗ ಬೇಡ. ಆದರೆ ಅಜ್ಜ ಆಸ್ಪತ್ರೆಗೆ ಸೇರಿದಂಥ ಸುದ್ದಿಯನ್ನು ಮುಚ್ಚಿಡಬೇಡಿ. ಒಮ್ಮೆ ಮುಚ್ಚಿಟ್ಟಿದ್ದು ಗೊತ್ತಾದರೆ ಆಮೇಲೆ ನೀವು ‘ಎಲ್ಲ ಚೆನ್ನಾಗಿದೆ’ ಅಂದಾಗಲೆಲ್ಲ ಅನುಮಾನ.

ಒಂದು ವಿಷಯದಲ್ಲಿ ಮಾತ್ರ ಕಿವಿ ಚುರುಕಾಗಿರಲಿ: ನೋವು. ಟರ್ಮ್ ಹಿಂದೆ ಬೀಳುವ ಹೆದರಿಕೆಯಿಂದ, ಅಂದರೆ ಆರು ತಿಂಗಳ ‘ರೆಲಿಗೇಷನ್’ ಆಗುತ್ತದೆ ಎಂದು, ಮಕ್ಕಳು ಕಾಲು ನೋವು ನುಂಗಿಕೊಂಡು ಓಡುತ್ತಾರೆ. ಎಲುಬಿನ ಕೂದಲೆಳೆ ಬಿರುಕು ಹೀಗೆಯೇ ದೊಡ್ಡದಾಗುವುದು. ‘ಆರು ತಿಂಗಳು ಹೋದರೆ ಹೋಗಲಿ, ಡಾಕ್ಟರಿಗೆ ತೋರಿಸು’ ಎಂದು ಮನೆಯವರೇ ಹೇಳಬೇಕು. ಅಲ್ಲಿ ಬೇರೆ ಯಾರು ಹೇಳಿದರೂ ಅವರಿಗೆ ಅದು ಸೋಲಿನ ಹಾಗೆ ಕೇಳುತ್ತದೆ. ನಿದ್ದೆಯೇ ಇಲ್ಲ, ಬದುಕು ಬೇಡ ಅನ್ನುವಂಥ ಮಾತು ಬಂದರೂ ಭಾನುವಾರದವರೆಗೆ ಕಾಯಬೇಡಿ. ಪ್ರತಿಯೊಬ್ಬರಿಗೂ ಡಿವಿಜನಲ್ ಆಫೀಸರ್ ಎಂಬ ಒಬ್ಬ ಅಧಿಕಾರಿ ಇರುತ್ತಾರೆ. ಮಕ್ಕಳ ಕಷ್ಟಸುಖ ನೋಡುವುದು ಅವರ ಕೆಲಸವೇ. ಆ ಕಚೇರಿಯ ನಂಬರು, ಮಗುವಿನ ಪೂರ್ತಿ ವಿಳಾಸ, ತರಬೇತಿ ಸಂಖ್ಯೆ ಮನೆಯಲ್ಲಿ ಇಬ್ಬರ ಬಳಿ ಬರೆದಿರಲಿ. ಸುಮ್ನೆ ಫೋನ್ ಮಾಡುವುದಕ್ಕಲ್ಲ, ನಿಜವಾದ ತುರ್ತಿಗೆ.

ಕಾಗದ ಬರೆಯಿರಿ. ಹಳೆಯ ಪದ್ಧತಿ ಅನಿಸಬಹುದು, ಆದರೆ ಫೋನಿಲ್ಲದ ಜಾಗದಲ್ಲಿ ಅಮ್ಮನ ಕೈಬರಹದ ಕನ್ನಡವನ್ನು ಎಷ್ಟು ಸಲ ಬೇಕಾದರೂ ಓದಬಹುದು.

6. ಪಾಸಿಂಗ್ ಔಟ್ ಪರೇಡ್‌ಗೆ ಹೋಗುವುದು

ತರಬೇತಿ ಮುಗಿಸಿದವರ ಈ ಪರೇಡ್ ಏಳಿಮಲದಲ್ಲಿ ನಡೆಯುವುದು ಸಾಮಾನ್ಯವಾಗಿ ಮೇ ಮತ್ತು ನವೆಂಬರ್ ಕೊನೆಗೆ. ಇಳಿಯಬೇಕಾದ ಸ್ಟೇಷನ್ ಪಯ್ಯನ್ನೂರು, ಮಂಗಳೂರಿನಿಂದ ಕಣ್ಣೂರಿಗೆ ಹೋಗುವ ದಾರಿಯಲ್ಲೇ ಇದೆ. ಊರು ಸಣ್ಣದು, ದೇಶದ ಎಲ್ಲ ಕಡೆಯಿಂದ ಪಾಲಕರು ಬರುತ್ತಾರೆ, ರೂಮು ಬೇಗ ಹಿಡಿಯಿರಿ. ಪರೇಡ್ ಮುಗಿದ ಮೇಲೆ ಹೆಗಲ ಮೇಲೆ ಪಟ್ಟಿ ಹಾಕುವ ಕೆಲಸ ಅಪ್ಪ ಅಮ್ಮನದು. ಚಿಲ್ಕಾಕ್ಕೆ ಹೋಗುವವರಿಗೆ ಹತ್ತಿರದ ಸ್ಟೇಷನ್ ಬಾಲುಗಾಂವ್. 2023ರ ಮಾರ್ಚ್ 28ರಂದು ಮೊದಲ ಅಗ್ನಿವೀರರ ಪರೇಡ್ ಅಲ್ಲಿ ಸೂರ್ಯ ಮುಳುಗಿದ ಮೇಲೆ ನಡೆಯಿತು. ಆದ್ದರಿಂದ ಸಮಯ ನೋಡಿಕೊಂಡೇ ಮರಳುವ ಟಿಕೆಟ್ ಮಾಡಿಸಿ.

7. ಸಂಬಳ ಬಂದಮೇಲೆ

ಅಗ್ನಿವೀರರಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ನಿಧಿಗೆ ಹೋಗಿ ಕೈಗೆ 21,000 ಬರುತ್ತದೆ. ಸರ್ಕಾರವೂ ನಿಧಿಗೆ ಅಷ್ಟೇ ಹಾಕುತ್ತದೆ. 4 ವರ್ಷದ ಕೊನೆಗೆ 10 ಲಕ್ಷದ ಮೇಲೆ ಸೇವಾ ನಿಧಿ, ಆದಾಯ ತೆರಿಗೆ ಇಲ್ಲ. ಪೆನ್ಷನ್ನೂ ಇಲ್ಲ. ಮುಂದೆ ಉಳಿಸಿಕೊಳ್ಳುವುದು ಶೇ 25ರವರೆಗೆ ಮಾತ್ರ. ಆ ಹಣವನ್ನು ನೆಚ್ಚಿಕೊಂಡು ಈಗಲೇ ಮನೆ ಕಟ್ಟುವ ಸಾಲ ತೆಗೆಯುವ ಅಪ್ಪಂದಿರು ಸ್ವಲ್ಪ ನಿಲ್ಲಬೇಕು. ಅದು ಮಗುವಿನ ಐದನೇ ವರ್ಷದ ಬದುಕಿಗೆ ಇಟ್ಟ ಹಣ. ಮಗು ಸೇವೆಯಲ್ಲಿದ್ದಾಗಲೇ ದೂರಶಿಕ್ಷಣದಲ್ಲಿ ಪದವಿ ಓದಲು ನೆನಪಿಸುತ್ತಿರಿ. ಈ 4 ವರ್ಷ ಮದುವೆಯಾಗುವಂತಿಲ್ಲ, ಹಾಗಾಗಿ ಹೆಣ್ಣು ಗಂಡು ನೋಡುವ ಮಾತು ಬೇಡ.

8. ವಾಟ್ಸ್ಆ್ಯಪ್ ಸ್ಟೇಟಸ್ ಮತ್ತು ರಜೆ

‘ಮಗನ ಶಿಪ್ ನಾಳೆ ಕಾರವಾರಕ್ಕೆ ಬರ್ತಿದೆ’. ಹೆಮ್ಮೆಯಿಂದ ಹಾಕುವ ಈ ಒಂದು ಸಾಲು ತಪ್ಪು. ಹಡಗಿನ ಹೆಸರು, ಹೊರಡುವ ದಿನ, ಒಳಗಿನ ಫೋಟೊ ಯಾವುದೂ ನಿಮ್ಮ ಫೋನಿನಿಂದ ಹೊರಗೆ ಹೋಗಬಾರದು. ಗೂಢಚಾರಿಕೆ ಪ್ರಕರಣಗಳು ಬಯಲಾದ ಮೇಲೆ 2019ರ ಡಿಸೆಂಬರಿನಲ್ಲಿ ನೌಕಾಪಡೆ ತನ್ನ ನೆಲೆ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನ್, ಸಾಮಾಜಿಕ ಜಾಲತಾಣಗಳನ್ನೇ ನಿಷೇಧಿಸಿತು. ಮನೆಯವರ ಖಾತೆಯೂ ಗೂಢಚಾರರಿಗೆ ಒಂದು ಬಾಗಿಲು. ‘ನಾನೂ ನೇವಿ ಮಗನ ತಾಯಿ’ ಎಂದು ಪರಿಚಯ ಬೆಳೆಸುವ ಅಪರಿಚಿತರಿಗೆ ಏನೂ ಹೇಳಬೇಡಿ. ಸಮುದ್ರದಲ್ಲಿದ್ದಾಗ ದಿನಗಟ್ಟಲೆ ಫೋನ್ ಬರದೆ ಇರುವುದು ಮಾಮೂಲು. ಕಾರವಾರದ ಐಎನ್‌ಎಸ್ ಕದಂಬಕ್ಕೇ ಪೋಸ್ಟಿಂಗ್ ಸಿಗಲಿ ಎಂದು ಹರಕೆ ಹೊತ್ತುಕೊಳ್ಳಬಹುದು, ಸಿಗುವುದು ಮಾತ್ರ ಅವರು ಕೊಟ್ಟ ಜಾಗ. ವಿಶಾಖಪಟ್ಟಣವೂ ಇರಬಹುದು, ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯ ಪುರಂ) ಕೂಡ.

ಮೊದಲ ರಜೆಗೆ ಬಂದಾಗ ಎರಡು ದಿನ ಮಲಗಲು ಬಿಡಿ. ಊರೂರು ಮೆರವಣಿಗೆ ಆಮೇಲೆ ನೋಡೋಣ. ಮರಳುವ ಟಿಕೆಟನ್ನು ಬಂದ ದಿನವೇ ಖಚಿತಮಾಡಿಕೊಳ್ಳಿ. ರಜೆ ಚೀಟಿಯ ಹೊತ್ತಿಗೆ ಹಾಜರಾಗದಿದ್ದರೆ ಅಲ್ಲಿ ಅದು ಶಿಕ್ಷೆಯ ವಿಷಯ, ‘ಅಮ್ಮ ಇನ್ನೊಂದು ದಿನ ಇರು ಅಂದ್ರು’ ಎಂಬ ಕಾರಣ ನಡೆಯುವುದಿಲ್ಲ. ಮಳೆಗಾಲದಲ್ಲಿ ಕೊಂಕಣ ರೈಲಿನ ದಾರಿಯಲ್ಲಿ ಗುಡ್ಡ ಕುಸಿದರೆ ಗಾಡಿ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಮುಂಬೈ ಕಡೆ ಹೋಗಬೇಕಾದ ಮಗುವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನ ಮೊದಲೇ ಹತ್ತಿಸಿ ಕಳಿಸಿ.