ಗರ್ಭಕೋಶದ ಬಯಾಪ್ಸಿ ರಿಪೋರ್ಟ್: ಇಆರ್, ಪಿಟೆನ್, ಪಿ53 ಸಾಲುಗಳನ್ನು ಓದುವುದು ಹೇಗೆ?

ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಅಮ್ಮನಿಗೆ ಮತ್ತೆ ರಕ್ತ ಕಾಣಿಸಿಕೊಂಡಿದೆ, ಡಾಕ್ಟರು ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ ಅಂದುಕೊಳ್ಳಿ. ರಿಪೋರ್ಟ್‌ನ ಕೊನೆಯಲ್ಲಿ 'ಐಎಚ್‌ಸಿ' (ಯಾವ ಪ್ರೋಟೀನ್ ಇದೆ ಅಂತ ಬಣ್ಣ ಹಾಕಿ ನೋಡುವ ಪರೀಕ್ಷೆ) ಅಂತ ಒಂದು ಭಾಗ. ಇಆರ್ ಪಾಸಿಟಿವ್, ಪಿಟೆನ್ ಲಾಸ್, ಹೀಗೆ. ಇಲ್ಲಿ ಪಾಸಿಟಿವ್ ಅಂದರೆ ಕೆಟ್ಟದ್ದು, ನೆಗೆಟಿವ್ ಅಂದರೆ ಒಳ್ಳೆಯದು ಅಂತ ಲೆಕ್ಕ ಹಾಕಬೇಡಿ. ಆ ಪ್ರೋಟೀನ್ ಇರುವ ಕಡೆ ಸ್ಲೈಡ್‌ನಲ್ಲಿ ಕಂದು ಬಣ್ಣ ಹಿಡಿಯುತ್ತದೆ, ಹಿಡಿಯಿತಾ (ಪಾಸಿಟಿವ್) ಇಲ್ಲವಾ (ನೆಗೆಟಿವ್ ಅಥವಾ ಲಾಸ್) ಅಂತ ಬರೆದಿರುತ್ತಾರೆ, ಅಷ್ಟೇ.

ಮೊದಲು ಮೇಲಿನ ಡಯಾಗ್ನೋಸಿಸ್ ಸಾಲು ಓದಿ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದನ್ನು ಮುಖ್ಯವಾಗಿ ಜೀವಕಣಗಳ, ಗ್ರಂಥಿಗಳ ಆಕಾರ ನೋಡಿಯೇ ಹೇಳುತ್ತಾರೆ. ಕೆಳಗಿನ ಸಾಲುಗಳು ಹೆಚ್ಚಾಗಿ ಅದು ಯಾವ ಬಗೆಯದು ಅಂತ ತಿಳಿಸುತ್ತವೆ.

ಇಆರ್, ಪಿಆರ್ ಅಂದರೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಕಳಿಸುವ ಸಂದೇಶವನ್ನು ಹಿಡಿಯುವ ಪ್ರೋಟೀನ್‌ಗಳು. ಆರೋಗ್ಯವಂತ ಹೆಂಗಸಿನಲ್ಲೂ ಇವು ಇದ್ದೇ ಇರುತ್ತವೆ. ಮುಟ್ಟಿನ ಚಕ್ರದ ಮೊದಲರ್ಧ ಈಸ್ಟ್ರೋಜನ್ ಒಳಪದರಕ್ಕೆ 'ಬೆಳೆ' ಅನ್ನುತ್ತದೆ, ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ 'ಸಾಕು' ಅನ್ನುತ್ತದೆ. ಆಮೇಲೆ ಗ್ರಂಥಿಗಳಲ್ಲಿ ಪಿಆರ್ ಕಮ್ಮಿಯಾಗುತ್ತಾ ಹೋಗುತ್ತದೆ. ಅದಕ್ಕೇ ಮುಟ್ಟಿನ ದಿನ, ವಯಸ್ಸು, ಹಾರ್ಮೋನ್ ಮಾತ್ರೆ ಎಲ್ಲ ಲ್ಯಾಬಿಗೆ ಗೊತ್ತಿರಬೇಕು. ಕ್ಯಾನ್ಸರ್‌ನಲ್ಲಿ ಇವು ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿಯೇ.

ಪಿಟೆನ್ ಒಂದು ಬ್ರೇಕ್. ಕಣದೊಳಗೆ ಪಿಐ3ಕೆ-ಎಕೆಟಿ ಅನ್ನುವ ದಾರಿಯಲ್ಲಿ 'ಬೆಳೆ, ಸಾಯಬೇಡ' ಅನ್ನುವ ಸಂದೇಶ ಹೋಗುತ್ತಿರುತ್ತದೆ, ಪಿಟೆನ್ ಅದನ್ನು ತಡೆಯುತ್ತದೆ. ಎಂಡೊಮೆಟ್ರಿಯಾಯ್ಡ್ ಬಗೆಯ (ಒಳಪದರದಲ್ಲಿ ಅತಿ ಸಾಮಾನ್ಯವಾಗಿ ಕಾಣುವ) ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಇದು ಕೆಟ್ಟಿರುತ್ತದೆ. ಆದರೆ ಏನೂ ತೊಂದರೆ ಇಲ್ಲದ ಹೆಂಗಸರಲ್ಲೂ ಅಲ್ಲೊಂದು ಇಲ್ಲೊಂದು ಗ್ರಂಥಿ ಪಿಟೆನ್ ಕಳೆದುಕೊಂಡಿರುವುದು ಉಂಟು. ಹಾಗಾಗಿ ಈ ಒಂದು ಸಾಲಿನಿಂದಲೇ ಕ್ಯಾನ್ಸರ್ ಅನ್ನಲು ಬರುವುದಿಲ್ಲ. ಇನ್ನೊಂದು ವಿಷಯ: ಗ್ರಂಥಿಗೆ ಬಣ್ಣ ಹಿಡಿಯದೆ ಸುತ್ತಲಿನ ಕಣಗಳು (ಇವೇ ಇಂಟರ್ನಲ್ ಕಂಟ್ರೋಲ್) ಕಂದಾಗಿದ್ದರೆ ಮಾತ್ರ ಅದು ನಿಜವಾದ ಲಾಸ್. ಎರಡೂ ಖಾಲಿ ಇದ್ದರೆ ಪರೀಕ್ಷೆಯೇ ಸರಿಯಾಗಿಲ್ಲದಿರಬಹುದು. 'ಇಂಟರ್ನಲ್ ಕಂಟ್ರೋಲ್ ಸರಿ ಇತ್ತಾ ಡಾಕ್ಟ್ರೇ?' ಅಂತ ಕೇಳಿ, ಸಂಕೋಚ ಬೇಡ.

ಜನ ಜಾಸ್ತಿ ತಪ್ಪು ತಿಳಿಯುವುದು ಪಿ53 ಸಾಲನ್ನು. ಇದು ಡಿಎನ್‌ಎ ಕೆಟ್ಟ ಕಣಗಳು ಬೆಳೆಯದಂತೆ ಕಾಯುವ ಪ್ರೋಟೀನ್. ಕೆಲವು ಕಣ ಗಾಢ, ಕೆಲವು ತೆಳು, ಕೆಲವು ಖಾಲಿ ಇದ್ದರೆ ಅದು 'ವೈಲ್ಡ್ ಟೈಪ್', ಅಂದರೆ ನಾರ್ಮಲ್. ಹೆಚ್ಚೂಕಮ್ಮಿ ಎಲ್ಲ ಕಣಗಳೂ ಗಾಢವಾಗಿದ್ದರೂ ತೊಂದರೆ, ಒಂದೂ ಬಣ್ಣ ಹಿಡಿಯದಿದ್ದರೂ ತೊಂದರೆ. ಸುಮ್ನೆ 'ಪಿ53 ನೆಗೆಟಿವ್' ಅಂತ ಬರೆದಿದ್ದರೆ ಅದು ಯಾವ ಪ್ಯಾಟರ್ನ್ ಅಂತ ಬಿಡಿಸಿ ಹೇಳಲು ಕೇಳಿ. ಕೆಟ್ಟ ಪ್ಯಾಟರ್ನ್ ಇದ್ದರೆ, ಅದರಲ್ಲೂ ಸೀರಸ್ (serous, ಬೇಗ ಹರಡುವ ಒಂದು ಬಗೆ) ಆಗಿದ್ದರೆ, ಹರ್2 (ಬೆಳವಣಿಗೆಯ ಸಂದೇಶದ ಇನ್ನೊಂದು ಪ್ರೋಟೀನ್) ಪರೀಕ್ಷೆಯ ಬಗ್ಗೆಯೂ ವಿಚಾರಿಸಿ.

ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನ್‌ಗಳು. ಈ ಸಾಲುಗಳನ್ನೂ ಬಿಡಬೇಡಿ. ಇವುಗಳಲ್ಲಿ ಲಾಸ್ ಇದ್ದರೆ ಲಿಂಚ್ ಸಿಂಡ್ರೋಮ್ (ವಂಶದಲ್ಲಿ ಬರುವ ಕ್ಯಾನ್ಸರ್ ಅಪಾಯ) ಇರಬಹುದು, ಆಗ ಒಡಹುಟ್ಟಿದವರಿಗೂ ಮಕ್ಕಳಿಗೂ ಕರುಳಿನ ಕ್ಯಾನ್ಸರ್ ಅಪಾಯ ಇರಬಹುದು. ಎಂಎಲ್‌ಎಚ್1 ಲಾಸ್ ಆಗಿದ್ದರೆ ಮೊದಲು ಮಿಥೈಲೇಶನ್ ಪರೀಕ್ಷೆ (ಜೀನ್ ಗಡ್ಡೆಯಲ್ಲಿ ಮಾತ್ರ ಆಫ್ ಆಗಿದೆಯಾ ಅಂತ ನೋಡುವುದು) ಮಾಡುತ್ತಾರೆ, ಏಕೆಂದರೆ ಬಹಳಷ್ಟು ಸಲ ಅದು ವಂಶದಿಂದ ಬಂದದ್ದಲ್ಲ.

ಪಿಒಎಲ್‌ಇ (ಡಿಎನ್‌ಎ ನಕಲು ಮಾಡುವ ಕೆಲಸದ ಒಂದು ಜೀನ್) ಬದಲಾವಣೆ ಮಾತ್ರ ಈ ಬಣ್ಣದಲ್ಲಿ ಸಿಗುವುದಿಲ್ಲ, ಜೀನ್ ಪರೀಕ್ಷೆಯೇ ಬೇಕು. 2023ರ ಫಿಗೋ ಸ್ಟೇಜಿಂಗ್‌ನಲ್ಲಿ (ಕ್ಯಾನ್ಸರ್ ಯಾವ ಹಂತ ಅಂತ ಹೇಳುವ ಅಂತಾರಾಷ್ಟ್ರೀಯ ಪದ್ಧತಿ) ಇದಕ್ಕೂ ಪಿ53ಗೂ ಜಾಗ ಇದೆ. ಅದಕ್ಕೇ ಬೇರೆ ಆಸ್ಪತ್ರೆಗೆ ತೋರಿಸಲು ಹೋಗುವಾಗ ರಿಪೋರ್ಟ್ ಮತ್ತು ಸ್ಲೈಡ್ ಜೊತೆ ಆ ಚೂರು ಇಟ್ಟಿರುವ ಮೇಣದ ಬ್ಲಾಕ್ ಕೂಡ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಹೊಸ ಪರೀಕ್ಷೆಗಳಿಗೆ ಚೂರು ಸಾಲದೆ ಹೋಗಬಹುದು.